ಸದ್ದಿಲ್ಲದೆ ಬಂದ ಕಾರು

ಕಾರು ಅಂಗಳಕ್ಕೆ ಬಂದು ನಿಂತರೂ ಅಜ್ಜಿ ಕಟ್ಟೆಯಿಂದ ಏಳಲಿಲ್ಲ. ಅಪ್ಪ ಇಳಿದು ಎದುರಿಗೆ ನಿಂತರೆ, ಕಣ್ಣು ಮಂಜಾಗಿದ್ದ ಆಕೆ, "ಯಾರ್ರೀ? ನನ್ನ ಮಗಾ ಇನ್ನೂ ಬಂದಿಲ್ಲ, ಕುಂಡ್ರಿ" ಎಂದಳು.

ಕರ್ನಾಟಕ ಒಂದಾದ ವರ್ಷವದು. ನಮ್ಮ ಹಳೆಯ ಕಾರಿನ ಸೈಲೆನ್ಸರ್ ಒಡೆದು, ಅದರ ಅಬ್ಬರ ನಮ್ಮೂರು ಶಿಗ್ಲಿಯ ಹೊರಗಿನಿಂದಲೇ ಕೇಳುತ್ತಿತ್ತು. ಮಂದಿ ನಗುತ್ತಾರೆಂದು ಅಪ್ಪ ಅವತ್ತು ಬೆಟಗೇರಿಯಲ್ಲಿ ಹೊಸದನ್ನು ಕೊಂಡು ಹಾಕಿಸಿಕೊಂಡು ಬಂದಿದ್ದರು. ಅಜ್ಜಿ ಆ ಅಬ್ಬರ ಕೇಳಿಯೇ ಎದ್ದು ಹೋಗಿ ಹಂಚು ಕಾಯಲಿಡುತ್ತಿದ್ದಳು, ಅದಕ್ಕೇ ಅಪ್ಪ ಕೈಕಾಲು ತೊಳೆದು ಬರುವಷ್ಟರಲ್ಲಿ ಬಿಸಿ ರೊಟ್ಟಿ ಸಿಗುತ್ತಿತ್ತು ಎನ್ನುವುದು ನಮಗ್ಯಾರಿಗೂ ಹೊಳೆದಿರಲಿಲ್ಲ.

ಎರಡು ದಿನ ಬಿಟ್ಟು ಅಪ್ಪ ಹಳೆಯದನ್ನೇ ಮತ್ತೆ ಹಾಕಿಸಲು ಬೆಟಗೇರಿಗೆ ಹೋದರು. ಗ್ಯಾರೇಜಿನವನು ಅದನ್ನು ಕತ್ತರಿಸಿ, ಚಹಾ ಕಾಸುವ ಇದ್ದಲಿ ಒಲೆ ಮಾಡಿಕೊಂಡಿದ್ದ.

ಆಮೇಲೆ ಅಪ್ಪ ಊರ ಹೊರಗಿನಿಂದಲೇ ಹಾರ್ನ್ ಒತ್ತುತ್ತ ಬರತೊಡಗಿದರು. ಅಜ್ಜಿ ಅದಕ್ಕೂ ಏಳಲಿಲ್ಲ. "ಹಾರ್ನ್ ಬಸ್ಸಿನವ್ರೂ ಹೊಡಿತಾರಪಾ. ನೀನ ಬಂದಿ ಅಂತ ನನಗ ಹ್ಯಾಂಗ ತಿಳೀಬೇಕು?" ಎಂದಳು.

ಆಕೆ ಇರುವತನಕ, ಅಪ್ಪ ಒಳಗೆ ಬಂದು "ಅವ್ವಾ, ನಾ ಬಂದೀನಿ" ಎಂದ ಮೇಲೆಯೇ ನಮ್ಮ ಮನೆಯ ಹಂಚು ಒಲೆಗೇರುತ್ತಿತ್ತು.