ಈಥರ್ ಸರ್ವರ್ ಬೀ ಮತ್ತು ರಾಮನವಮಿಯ ಪಾನಕ

ಶಿವಮೊಗ್ಗದ ದುರ್ಗಿಗುಡಿಯ ಡಾಕ್ಟರ್ ಓಂಕಾರಪ್ಪನವರ ನರ್ಸಿಂಗ್ ಹೋಮಿಗೆ ಮಗುವನ್ನು ಆಪರೇಷನ್ನಿಗೆ ಕರೆತಂದ ತಾಯಂದಿರನ್ನು ಸರ್ವರ್ ಬೀ ಒಂದು ವಿಚಿತ್ರ ಪ್ರಶ್ನೆ ಕೇಳುತ್ತಿದ್ದಳು. ಜ್ವರ ಇದೆಯಾ, ಕೆಮ್ಮು ಇದೆಯಾ ಎಂದಲ್ಲ. "ಇವತ್ತು ನಿಮ್ಮನೆ ದೇವ್ರಿಗೆ ಏನು ನೈವೇದ್ಯ ಆಯ್ತು ಅಮ್ಮಾವ್ರೇ?" ಸಾಬರ ಹೆಂಗಸಿಗೆ ನಮ್ಮ ದೇವರ ನೈವೇದ್ಯದ ಉಸಾಬರಿ ಯಾಕೆ ಎಂದು ಕೆಲವರು ಮೂಗು ಮುರಿಯುತ್ತಿದ್ದರು. ಮುರಿಯಲಿ ಬಿಡಿ. ಆ ಪ್ರಶ್ನೆ ಹುಟ್ಟಿದ ದಿನ ಅಲ್ಲಿದ್ದವರು ಯಾರೂ ಮೂಗು ಮುರಿಯಲಾರರು.

ಅವಳ ಮನೆ ಭದ್ರಾವತಿಯ ಜನ್ನಾಪುರದಲ್ಲಿ. ಗಂಡ ರಸೂಲ್ ಸಾಬ್ ಕಾರ್ಖಾನೆಯಲ್ಲಿ ಗ್ಯಾಸ್ ವೆಲ್ಡರ್. ಅವಳು ಹನ್ನೆರಡು ವರ್ಷ ಬೀಡಿ ಕಟ್ಟಿ, ಹೊಗೆಸೊಪ್ಪಿನ ಘಾಟಿಗೆ ಕೆಮ್ಮು ಹತ್ತಿದ ಮೇಲೆ ದಿನವೂ ಬಸ್ಸಿನಲ್ಲಿ ಶಿವಮೊಗ್ಗೆಗೆ ಬಂದುಹೋಗುತ್ತಾ ನರ್ಸಿಂಗ್ ಹೋಮಿನಲ್ಲಿ ಕಸ ಗುಡಿಸಲು ಸೇರಿದ್ದಳು. ಒಂದು ದಿನ ಅರಿವಳಿಕೆಗೆ ಈಥರ್ ಕೊಡುವ ಕಾಂಪೌಂಡರ್ ಜ್ವರ ಬಂದು ಮಲಗಿದ. ಮೇಜಿನ ಮೇಲೆ ಹೊಟ್ಟೆನೋವಿನ ಹುಡುಗ ಹೊರಳಾಡುತ್ತಿದ್ದ. ಡಾಕ್ಟರು ಬೇರೆ ದಾರಿ ಕಾಣದೆ ಬಾಟಲಿಯನ್ನು ಇವಳ ಕೈಗೆ ಕೊಟ್ಟು, "ನಾನು ಹೇಳಿದ ಹಾಗೆ ತೊಟ್ಟು ಹಾಕ್ತಾ ಹೋಗು" ಎಂದರು. ತಂತಿಯ ಚೌಕಟ್ಟಿಗೆ ತೆಳು ಬಟ್ಟೆ ಹೊದಿಸಿದ ಪುಟ್ಟ ಮುಸುಕು, ಟೀ ಸೋಸುವ ಜಾಲರಿಗಿಂತ ಸ್ವಲ್ಪ ದೊಡ್ಡದು. ಅದರ ಮೇಲೆ ಈಥರ್ ತೊಟ್ಟಿಕ್ಕಬೇಕು. ಹೆಚ್ಚಾದರೆ ಉಸಿರು ನಿಲ್ಲುತ್ತದೆ, ಕಡಿಮೆಯಾದರೆ ರೋಗಿ ಎದ್ದು ಕೂರುತ್ತಾನೆ. ದಿನಕ್ಕೆ ಸಾವಿರ ಬೀಡಿ ಸುತ್ತಿದ ಬೆರಳುಗಳಿಗೆ ಒಂದೇ ಸಮನೆ ಕೆಲಸ ಮಾಡುವುದನ್ನು ಯಾರು ಕಲಿಸಬೇಕು? ಅವತ್ತಿನಿಂದ ಬಾಟಲಿ ಅವಳದಾಯಿತು, ಅವಳು ಊರಿಗೆಲ್ಲ ಈಥರ್ ಸರ್ವರ್ ಬೀ ಆದಳು.

ಸಾವಿರದ ಒಂಬೈನೂರ ಐವತ್ತೆಂಟರ ಮಾತು ಇದು. ಆ ವರ್ಷ ಯುಗಾದಿಯ ಚಂದ್ರನೂ ರಂಜಾನಿನ ಚಂದ್ರನೂ ಒಂದೇ ಆಗಿತ್ತು. ಹಿಂದೂಗಳೂ ಮುಸಲ್ಮಾನರೂ ಒಂದೇ ಸಂಜೆ ಮಾಳಿಗೆ ಹತ್ತಿ ಕತ್ತು ಉದ್ದ ಮಾಡಿ ನೋಡಿದ್ದರು. ಹೀಗಾಗಿ ರಾಮನವಮಿ ಬಂದದ್ದು ರೋಜಾ ಶುರುವಾಗಿ ಒಂದು ವಾರ ದಾಟುವಷ್ಟರಲ್ಲೇ.

ಹಿಂದಿನ ದಿನ ಸಂಜೆಯೇ ಸುಬ್ಬಲಕ್ಷ್ಮಮ್ಮ ಎಂಬ ತಾಯಿ ಐದು ವರ್ಷದ ಮಗಳು ವಿಮಲಾಳನ್ನು ಕರೆತಂದಿದ್ದರು. ಮಗುವಿನ ಕಂಕುಳಲ್ಲಿ ನಿಂಬೆಹಣ್ಣಿನಷ್ಟು ಕೀವುಗಡ್ಡೆ. ಗಡ್ಡೆ ದೊಡ್ಡದಲ್ಲ, ಮಗುವಿನ ಹೃದಯವೇ ದೊಡ್ಡ ತೊಂದರೆ. ಹುಟ್ಟಿನಿಂದಲೇ ಅದರಲ್ಲಿ ದೋಷ. ತುಟಿ, ಉಗುರು ನೇರಳೆ ಹಣ್ಣು ತಿಂದವರ ಹಾಗೆ ನೀಲಿ. ಸಿಟ್ಟು ಬಂದು ಅತ್ತರೆ ನೀಲಿ ಕಪ್ಪಾಗಿ, ಕಣ್ಣು ಮೇಲೆ ಹೋಗುತ್ತಿತ್ತು.

"ಒಂದು ಸಲವೂ ಅಳಬಾರದು. ಅಳಿಸದೇ ಮಲಗಿಸ್ಬೇಕು," ಎಂದರು ಡಾಕ್ಟರು. "ಆಗುತ್ತಾ ನಿನ್ನ ಕೈಲಿ?"

"ನೋಡೋಣ ಸಾಹೇಬ್ರೇ," ಎಂದಳು ಸರ್ವರ್ ಬೀ.

ವಿಮಲಾಳ ನೋವಿಲ್ಲದ ಕಡೆಯ ಕೈಯಲ್ಲಿ ಒಂದು ಮರದ ಗೊಂಬೆ ಇತ್ತು. ಸರ್ವರ್ ಬೀ ಹಳೆಯ ಮುಸುಕೊಂದನ್ನು ತಂದು ಅದರ ಮುಖದ ಮೇಲಿಟ್ಟಳು. ಖಾಲಿ ಬಾಟಲಿಯೊಂದಕ್ಕೆ ನೀರು ತುಂಬಿ ಕೊಟ್ಟು, "ನೀನು ಡಾಕ್ಟ್ರಮ್ಮ. ಇದನ್ನ ಮಲಗಿಸು ನೋಡೋಣ ಮಾರಾಯ್ತಿ" ಎಂದಳು. ವಿಮಲಾ ನಾಲಿಗೆ ಕಚ್ಚಿಕೊಂಡು ತೊಟ್ಟು ಹಾಕಿದಳು. ಕಿಟಕಿಯಿಂದ ಮಂಚಕ್ಕೆ ನಾಲ್ಕು ಹೆಜ್ಜೆ ಇಟ್ಟರೆ ಸಾಕು, ಮಗು ಕುಕ್ಕರುಗಾಲಿನಲ್ಲಿ ಕೂತು ಮಂಡಿಯನ್ನು ಎದೆಗೆ ಒತ್ತಿಕೊಂಡು ಸುಧಾರಿಸಿಕೊಳ್ಳುತ್ತಿತ್ತು. ಹಾಗೆ ಕೂತಾಗಲೆಲ್ಲ ತುಟಿಯ ಕಪ್ಪು ಸ್ವಲ್ಪ ತಿಳಿಯಾಗುತ್ತಿತ್ತು. ಯಾರೂ ಹೇಳಿಕೊಟ್ಟದ್ದಲ್ಲ ಅದು. ಸರ್ವರ್ ಬೀ ಅದನ್ನು ನೋಡಿಟ್ಟುಕೊಂಡಳು.

"ನಾಳೆ ಬೆಳಗ್ಗಿಂದ ಮಗುಗೆ ಏನೂ ಕೊಡ್ಬೇಡಿ," ಎಂದು ಡಾಕ್ಟರು ತಾಯಿಗೆ ಎರಡೆರಡು ಸಲ ಹೇಳಿ ಹೋದರು.

ಮರುದಿನ ಮಧ್ಯಾಹ್ನ ಒಂದು ಗಂಟೆಗೆ ಎಲ್ಲ ಸಿದ್ಧವಾಯಿತು. ಜ್ವರ ನೂರಾ ಮೂರು ಮುಟ್ಟಿತ್ತು. ಸರ್ವರ್ ಬೀ ಮೊದಲು ಆಮ್ಲಜನಕದ ಸಿಲಿಂಡರ್ ನೋಡಿದಳು. ಅದನ್ನು ಮುಟ್ಟುವ ಮುಂಚೆ ಸೋಪು ಹಾಕಿ ಕೈ ತೊಳೆದಳು, ಏಕೆಂದರೆ ಎಣ್ಣೆಗೈಯಲ್ಲಿ ಸಿಲಿಂಡರಿನ ಕೀಲಿ ಮುಟ್ಟಿದರೆ ಬೆಂಕಿ ಹತ್ತುತ್ತದೆಂದು, ವೆಲ್ಡಿಂಗಿಗೆ ಅದೇ ಗಾಳಿ ಬಳಸುವ ರಸೂಲ್ ಸಾಬ್ ಮದುವೆಯಾದ ಹೊಸತರಲ್ಲೇ ಹೆದರಿಸಿಟ್ಟಿದ್ದ. ಆಮೇಲೆ ಮುಸುಕು ಹಿಡಿದು ಮಗುವಿನ ಮೇಲೆ ಬಗ್ಗಿದಳು. ಬಗ್ಗಿದವಳು ಹಾಗೇ ನಿಂತಳು.

ನಸುಕಿನಿಂದ ಗುಟುಕು ನೀರೂ ಇಲ್ಲದವರ ಮೂಗು ಎಷ್ಟು ಚುರುಕೆಂದು ಉಪವಾಸ ಮಾಡಿದವರಿಗೇ ಗೊತ್ತು. ಮಗುವಿನ ಉಸಿರಿನಲ್ಲಿ ಏಲಕ್ಕಿ ಇತ್ತು. ಬೆಲ್ಲ ಇತ್ತು. ಹಿಂದೆಯೇ ಇಂಗು, ಕೊತ್ತಂಬರಿ ಸೊಪ್ಪು!

"ಅಮ್ಮಾವ್ರೇ, ಮಗು ಏನು ತಿಂತು?"

"ಏನೂ ಇಲ್ಲ ಬೀಬಮ್ಮ. ಬೆಳಗ್ಗಿಂದ ಉಪವಾಸ."

"ಪಾನಕ?"

ಸುಬ್ಬಲಕ್ಷ್ಮಮ್ಮನ ಮುಖ ಬಿಳಿಚಿತು. "ಅದು ರಾಮದೇವ್ರ ಪಾನಕ... ಹನ್ನೆರಡು ಗಂಟೆಗೆ ಮನೆಯಿಂದ ಕಳಿಸಿದ್ರು. ಅರ್ಧ ಲೋಟ. ಒಂದು ಹಿಡಿ ಕೋಸಂಬರಿ. ಪ್ರಸಾದ ಅಲ್ವಾ ಅದು? ಊಟ ಅಲ್ಲವಲ್ಲ! ನಾವು ಏಕಾದಶಿ ದಿನವೂ ಪ್ರಸಾದ ಬಿಡಲ್ಲ."

"ನಿಮ್ಮ ಉಪವಾಸದಲ್ಲಿ ಅವಲಕ್ಕಿ, ಹಣ್ಣು, ಹಾಲು ಎಲ್ಲ ನಡೆಯುತ್ತೆ ಅಮ್ಮಾವ್ರೇ. ಇದು ನಮ್ಮ ರೋಜಾ ಥರದ ಉಪವಾಸ. ಏನೂ ಅಂದ್ರೆ ಏನೂ ಇಲ್ಲ."

ಡಾಕ್ಟರು ಹಲ್ಲು ಕಚ್ಚಿ ಗಡಿಯಾರ ನೋಡಿದರು. "ಅರ್ಧ ಲೋಟ ತಾನೇ? ಮಾಡಿಬಿಡೋಣ. ಕೀವು ರಕ್ತಕ್ಕೆ ಸೇರಿದ್ರೆ ಈ ಹೃದಯ ತಡೆಯಲ್ಲ. ಕಾಯೋಕೆ ಆಗಲ್ಲ."

ಸರ್ವರ್ ಬೀ ಬಾಟಲಿಯ ಬಿರಡೆ ಹಾಕಿ ಮೇಜಿನ ಮೇಲಿಟ್ಟಳು. ನಾಲ್ಕು ವರ್ಷದ ಹಿಂದೆ ಹೊಟ್ಟೆ ತುಂಬಿದ ಒಂದು ಮಗು ಈಥರಿನ ನಿದ್ದೆಯಲ್ಲಿ ವಾಂತಿ ಮಾಡಿ, ಅದು ಶ್ವಾಸಕ್ಕೆ ಹೋದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಆ ಮಗು ಮನೆಗೆ ಹೋಗಲಿಲ್ಲ.

"ನಾನು ತೊಟ್ಟು ಹಾಕಲ್ಲ ಸಾಹೇಬ್ರೇ. ಬೇಕಾದ್ರೆ ಕೆಲಸದಿಂದ ತೆಗೀರಿ."

ಕಸ ಗುಡಿಸಲು ಸೇರಿದವಳು ಡಾಕ್ಟರಿಗೆ ಹೀಗೆ ಹೇಳುವುದೆಂದರೇನು! ಓಂಕಾರಪ್ಪನವರ ಕಿವಿ ಕೆಂಪಾಯಿತು. ಅವಳನ್ನು ದುರುಗುಟ್ಟಿ ನೋಡಿದರು, ಮಗುವನ್ನು ನೋಡಿದರು, ಕೊನೆಗೆ ಕೈಗವಸು ಕಿತ್ತು ಬಿಸಾಡಿದರು. "ಐದು ಗಂಟೆಗೆ. ಅಲ್ಲೀತನಕ ಮಗು ಅತ್ತರೆ ನೀನೇ ಜವಾಬ್ದಾರಿ."

ಆ ನಾಲ್ಕು ಗಂಟೆ ಸರ್ವರ್ ಬೀ ಏನೇನು ಆಡಿಸಿದಳೋ ಅಲ್ಲಾನಿಗೇ ಗೊತ್ತು. ಗೊಂಬೆಗೆ ಹತ್ತು ಸಲ ಆಪರೇಷನ್ ಆಯಿತು. ಗೊಂಬೆ ಪಾನಕ ಕದ್ದು ಕುಡಿದು ಬೈಸಿಕೊಂಡಿತು. ವಿಮಲಾ ನೀರು ಕೇಳಿದಾಗ, "ನಂಗೂ ಬಾಯಾರಿದೆ ಬೇಟಾ. ನೋಡು, ನಾಲಿಗೆ ಒಣಗಿದೆ. ಇಬ್ಬರೂ ಒಟ್ಟಿಗೆ ಕುಡಿಯೋಣ, ಆಯ್ತಾ?" ಎಂದು ನಾಲಿಗೆ ಚಾಚಿ ತೋರಿಸಿದಳು. ಮಗು ಅದನ್ನು ಬೆರಳಿನಿಂದ ಮುಟ್ಟಿ ನೋಡಿ ಒಪ್ಪಿತು. ಭದ್ರಾವತಿಯ ನಾಲ್ಕರ ಬಸ್ಸು ಅವಳನ್ನು ಬಿಟ್ಟು ಹೋಯಿತು. ಸುಬ್ಬಲಕ್ಷ್ಮಮ್ಮ ಬಾಗಿಲ ಬಳಿ ಸೆರಗು ಬಾಯಿಗೊತ್ತಿಕೊಂಡು ನಿಂತೇ ಇದ್ದರು.

ಐದಕ್ಕೆ ಮತ್ತೆ ಮೇಜು. ಮುಸುಕು ಕಂಡು ವಿಮಲಾ ಹೆದರಲಿಲ್ಲ, ತಾನೇ ಎಳೆದು ಮುಖಕ್ಕಿಟ್ಟುಕೊಂಡಳು. ಗೊಂಬೆಯ ಮುಖದ ಮೇಲೂ ಮುಸುಕು ಇಟ್ಟು ಪಕ್ಕದ ಸ್ಟೂಲಿನಲ್ಲಿ ಮಲಗಿಸಿದ್ದಾಯಿತು. ತೊಟ್ಟು, ತೊಟ್ಟು. ಬೇರೆ ಮಕ್ಕಳಿಗೆ ಇಷ್ಟು ಹೊತ್ತಿಗೆ ಕಣ್ಣೆಳೆಯಬೇಕಿತ್ತು. ಹೃದಯದ ದೋಷದಿಂದ ಇವಳಿಗೆ ನಿದ್ದೆ ಹತ್ತುವುದು ನಿಧಾನ. ಡಾಕ್ಟರು ಚಡಪಡಿಸಿದರು, ಆದರೆ ಸರ್ವರ್ ಬೀಯ ಬೆರಳು ಒಂದು ತೊಟ್ಟನ್ನೂ ಅವಸರದಲ್ಲಿ ಹಾಕಲಿಲ್ಲ. ಕೊನೆಗೆ ಮಗುವಿನ ಮುಷ್ಟಿ ಸಡಿಲವಾಯಿತು.

ಚಾಕು ತಾಗಿತು. ಕೀವು ಚಿಮ್ಮಿತು. ಅದೇ ಗಳಿಗೆಯಲ್ಲಿ ತುಟಿ ಕಪ್ಪಾಯಿತು. ನೀಲಿಯಲ್ಲ, ಇದ್ದಿಲಿನಂಥ ಕಪ್ಪು. ಉಸಿರು ಮೇಲೆಮೇಲೆ ಓಡಿತು.

"ಆಕ್ಸಿಜನ್!" ಎಂದು ಡಾಕ್ಟರು ಕೂಗುವ ಮೊದಲೇ ಅವಳು ಈಥರ್ ಮುಸುಕು ಸರಿಸಿ, ಸಿಲಿಂಡರ್ ತಿರುಗಿಸಿ, ಆಮ್ಲಜನಕದ ಕೊಳವೆಯನ್ನು ಮಗುವಿನ ಮುಖಕ್ಕೆ ಹಿಡಿದಾಗಿತ್ತು. ಕಪ್ಪು ಇಳಿಯಲಿಲ್ಲ. ಆಗ ಅವಳಿಗೆ ಕಿಟಕಿಯ ಬಳಿ ಕುಕ್ಕರುಗಾಲಿನಲ್ಲಿ ಕೂತ ಮಗು ಕಣ್ಣಿಗೆ ಕಟ್ಟಿತು. ಇನ್ನೊಂದು ಕೈಯಿಂದ ಎರಡೂ ಕಾಲು ಮಡಚಿ, ಮಂಡಿಗಳನ್ನು ಎದೆಗೆ ಒತ್ತಿ ಹಿಡಿದಳು.

"ಏನ್ ಮಾಡ್ತಿದೀಯ?"

"ಇವಳು ಮಾಡ್ಕೊಳ್ಳೋದನ್ನೇ ಸಾಹೇಬ್ರೇ."

ಹಾಗೆ ಕೂರುವ ಮಕ್ಕಳ ವಿಷಯ ಡಾಕ್ಟರೂ ಯಾವುದೋ ಪುಸ್ತಕದಲ್ಲಿ ಓದಿದ್ದರು, ಬೇಕಾದ ಹೊತ್ತಿಗೆ ನೆನಪಾಗಿರಲಿಲ್ಲ. ಹತ್ತು ಎಣಿಸುವಷ್ಟು ಹೊತ್ತು. ಇಪ್ಪತ್ತು. ಇದ್ದಿಲ ಬಣ್ಣ ಮೆಲ್ಲಗೆ ಕರಗಿ, ಎಂದಿನ ನೇರಳೆ ಬಣ್ಣ ತುಟಿಗೆ ಮರಳಿತು! ಆ ನೀಲಿಯನ್ನು ಕಂಡು ಯಾರಾದರೂ ಅಷ್ಟು ಸಂತೋಷಪಟ್ಟಿದ್ದುಂಟೇ? ಸರ್ವರ್ ಬೀಗೆ ಕುಣಿಯಬೇಕೆನಿಸಿತು. ಕಾಲು ಹಿಡಿದಿದ್ದರಿಂದ ಕುಣಿಯಲಿಲ್ಲ.

ಆರು ಗಂಟೆಗೆ ವಿಮಲಾ ಕಣ್ಣು ಬಿಟ್ಟಳು. ಆಮ್ಲಜನಕ ಇನ್ನೂ ಹರಿಯುತ್ತಿತ್ತು. ಸರ್ವರ್ ಬೀ ನಿಂತಲ್ಲಿಂದ ಕದಲದೆ ಉಸಿರು ಎಣಿಸುತ್ತಿದ್ದಳು. ಡಾಕ್ಟರು ನಾಡಿ ನೋಡಿ ತಾಯಿಗೆ ಹೇಳಿದರು, "ಇನ್ನು ಅರ್ಧ ಗಂಟೆ ಬಿಟ್ಟು ಒಂದೇ ಒಂದು ಚಮಚ ನೀರು. ಒಂದು ಅಂದ್ರೆ ಒಂದೇ." ಆಮೇಲೆ ಸರ್ವರ್ ಬೀಯ ಕಡೆ ತಿರುಗಿ, "ನಾಳೆ ಬೆಳಗ್ಗೆ ಬೇಗ ಬಾ" ಎಂದಷ್ಟೇ ಹೇಳಿದರು. ಕೆಲಸ ಉಳಿಯಿತು.

ಅರ್ಧ ಗಂಟೆ ಕಳೆಯಿತು. ಮಸೀದಿಯಿಂದ ರೋಜಾ ಬಿಡುವ ಹೊತ್ತಿನ ಅಜಾನ್ ಕೇಳಿಸಿತು. ಸುಬ್ಬಲಕ್ಷ್ಮಮ್ಮ ಮಗಳ ಬಾಯಿಗೆ ಒಂದು ಚಮಚ ನೀರು ಬಿಟ್ಟರು. ನಂತರ ಚೊಂಬಿನಲ್ಲಿ ಉಳಿದಿದ್ದ ಪಾನಕ ಎತ್ತಿಕೊಂಡರು. ಸರ್ವರ್ ಬೀ ವಾಡಿಕೆಯಂತೆ, ಮೇಲಿನಿಂದ ಸುರಿಯಲೆಂದು ಬೊಗಸೆ ಒಡ್ಡಿದಳು. ಸುಬ್ಬಲಕ್ಷ್ಮಮ್ಮ ಸುರಿಯಲಿಲ್ಲ. ತಾವು ಕುಡಿಯುವ ಲೋಟಕ್ಕೇ ಬಗ್ಗಿಸಿ, ಆ ಬೊಗಸೆಯಲ್ಲಿ ಲೋಟವನ್ನಿಟ್ಟರು.

"ಇದು ಪ್ರಸಾದವೂ ಹೌದು, ಊಟವೂ ಹೌದು. ಕುಡಿ ತಾಯಿ," ಎಂದರು. ಅಷ್ಟು ಹೇಳುವಷ್ಟರಲ್ಲಿ ಅವರಿಗೆ ಅಳು ಬಂತು.

ಸರ್ವರ್ ಬೀ "ಬಿಸ್ಮಿಲ್ಲಾ" ಎಂದು ಗುಟುಕರಿಸಿದಳು. ವಿಮಲಾ ಅವಳನ್ನೇ ನೋಡುತ್ತಿದ್ದಳು. ಆಮೇಲೆ ಸ್ಟೂಲಿನ ಕಡೆ ಕಣ್ಣು ಹಾಯಿಸಿ, ಈಥರಿನ ಮಂಪರಿನಲ್ಲೇ ತೊದಲಿದಳು.

"ಗೊಂಬೇನೂ ಎಬ್ಬಿಸು. ಅದಕ್ಕೂ ಪಾನಕ ಕೊಡು. ಡಾಕ್ಟ್ರನ್ನ ಕೇಳಿ ಕೊಡು."