ದೀಪ ಹಚ್ಚುವ ಹೊತ್ತಿಗೆ ಹೋಗುವ ನೆಟ್

ಮಿರಜಿನ ಅಂಜನಾಬಾಯಿಗೆ ದೆವ್ವದ ಭಯವಿರಲಿಲ್ಲ, ನೆಟ್ ಹೋಗುವ ಭಯವಿತ್ತು. ದೆವ್ವ ಬಂದರೆ ನಿಂಬೆಹಣ್ಣು ಇಳಿಸಿ ಒಗೆಯಬಹುದು, ನೆಟ್ ಹೋದರೆ ಏನು ಇಳಿಸುವುದು? ಗಂಡ ರಾವಸಾಬ ತೀರಿಕೊಂಡ ಮೇಲೆ ಆಕೆಯ ಮತ್ತು ಅತ್ತೆ ಮುತ್ತವ್ವನ ಹೊಟ್ಟೆ ತುಂಬಿಸುತ್ತಿದ್ದುದು ಪಡಸಾಲೆಯ ಮೂಲೆಯಲ್ಲಿದ್ದ ಹಳೆಯ ಕಂಪ್ಯೂಟರು. ಒಂದು ಖಾಸಗಿ ದವಾಖಾನೆಯ ಡಾಕ್ಟರರು ರೋಗಿಗಳನ್ನು ನೋಡಿ ಹೇಳಿದ್ದನ್ನೆಲ್ಲ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೇಳಿ, ಮನೆಯಲ್ಲೇ ಕೂತು ಟೈಪ್ ಮಾಡಿ ಕಳಿಸುವ ಕೆಲಸ. ನಡುವೆ ನೆಟ್ ಹೋಯಿತೋ, ಅರ್ಧ ಬರೆದದ್ದೆಲ್ಲ ನೀರಲ್ಲಿ ಹೋಮ.

ಅದು ಹೋಗುತ್ತಿದ್ದುದೂ ದಿನಾ ಒಂದೇ ಹೊತ್ತಿಗೆ. ಮುಸ್ಸಂಜೆ, ಮುತ್ತವ್ವ ಒಳಗಿನ ಕೋಣೆಯಲ್ಲಿ ದೇವರಿಗೆ ದೀಪ ಹಚ್ಚುವಾಗ. ದವಾಖಾನೆಯ ಕೆಲಸ ರಾಶಿ ಬೀಳುವುದೂ ಆಗಲೇ. ಅಲ್ಲಿನ ಮೇಡಂ ಮರಾಠಿಯಲ್ಲಿ ಸಕ್ಕರೆ ಬೆರೆಸಿಯೇ ಹೇಳಿದ್ದಳು, ಇನ್ನು ಸ್ವಲ್ಪ ದಿನ ನೋಡುತ್ತೇನೆ ತಾಈ, ಹೀಗೇ ಆದರೆ ಕೆಲಸ ಬೇರೆಯವರಿಗೆ ಕೊಡಬೇಕಾಗುತ್ತದೆ ಎಂದು.

ನೆಟ್ಟಿನವನು ಅರಿಹಂತ, ಸಾಂಗಲಿಯಿಂದ ಈ ಭಾಗಕ್ಕೆ ಹೊಸದಾಗಿ ಬಂದವನು. ಮಾಳಿಗೆ ಹತ್ತಿ ವೈರು ಬದಲಿಸಿದ, ಪಿನ್ನು ಬದಲಿಸಿದ, ಫ್ರಿಜ್ಜಿನ ಪಕ್ಕದಲ್ಲಿದ್ದ ನೆಟ್ ಡಬ್ಬಿಯನ್ನು ಕಪಾಟಿನ ಮೇಲೆ ಕೂರಿಸಿದ. ಅವನಿದ್ದಷ್ಟು ಹೊತ್ತು ನೆಟ್ ಹೊಳೆಯ ಹಾಗೆ ಹರಿಯಿತು. ಅವನು ಗಾಡಿ ಚಾಲೂ ಮಾಡಿಕೊಂಡು ಹೋದದ್ದೇ ತಡ, ಸಂಜೆಗೆ ಮತ್ತೆ ಹಾಡಿದ್ದೇ ಹಾಡು. ಕೊನೆಗೆ ಒಂದು ಸಂಜೆ ನೆಟ್ ಹೋದ ಹೊತ್ತಿಗೇ ಅವನು ಫೋನು ಮಾಡಿದ, ಆಕೆ ಹೆಡ್‌ಫೋನಿನಲ್ಲೇ ಕೇಳಿದಳು.

"ಮಾವಶಿ, ವೈರಿಂದ ತಪ್ಪಿಲ್ಲ. ನಿಮ್ಮ ನೆಟ್ ಯಾರೋ ಎಳಿಯಾಕತ್ತಾರ. ನಾ ಹೇಳಿದ ಪಾನ ತಗೀರಿ, ಯಾರ್ಯಾರು ಜೋಡಿಸ್ಯಾರ ಅನ್ನೂದು ಅದರಾಗ ಕಾಣತೈತಿ."

ಆಕೆ ಕಂಪ್ಯೂಟರಿನಲ್ಲಿ ಆ ಪುಟ ತೆರೆದಳು. ಒಂದು ಈ ಕಂಪ್ಯೂಟರು, ಇನ್ನೊಂದು ತನ್ನ ಫೋನು. ಮೂರನೆಯದು ರಾವಸಾಬ.

"ರಾವಸಾಬ ಅಂದ್ರ ಯಾರ್ರಿ? ಬಾಜೂ ಮನಿಯವ್ರೇನು?"

"ನಮ್ಮ ಮನಿಯವ್ರು."

"ಹಂಗಾದ್ರ ಚಿಂತಿಲ್ಲ ಬಿಡ್ರಿ. ಸಂಜೀ ಮುಂದ ನೆಟ್ ಸ್ವಲ್ಪ ಕಡಿಮಿ ವಾಪರಸ್ರಿ ಅಂತ ಹೇಳ್ರಿ ಅವ್ರಿಗೆ. ಕೇಳಲಿಲ್ಲಂದ್ರ ಆ ಹೆಸರಿನ ಮುಂದ ಬ್ಲಾಕ್ ಅಂತ ಐತಿ, ಒತ್ತಿಬಿಡ್ರಿ."

ಪಾಪ, ಅವನಿಗೇನು ಗೊತ್ತು. ಆ ಫೋನು ಸಲಗರೆ ಹಳ್ಳಿಯ ಅವರ ಹೊಲದಲ್ಲಿ, ರಾವಸಾಬನ ತಲೆಯ ಹತ್ತಿರ, ಮಣ್ಣಿನೊಳಗಿತ್ತು. ಅಂಜನಾಬಾಯಿ ಕಣ್ಣಾರೆ ಕಂಡಿದ್ದಳು. ಕಂಬಳಿ, ತಂಬಾಕಿನ ಚಂಚಿ, ಕೆಂಪು ಕವರಿನ ಫೋನು, ಮೂರನ್ನೂ ಮುತ್ತವ್ವನೇ ಕೈಯಾರೆ ಕುಣಿಗೆ ಇಳಿಸಿದ್ದಳು. ಸತ್ತವರ ವಸ್ತು ಮನೆಯಲ್ಲಿ ಉಳಿದರೆ ಜೀವ ದಾರಿ ಹಿಡಿಯುವುದಿಲ್ಲ ಎಂಬುದು ಮುದುಕಿಯ ಕಟ್ಟುನಿಟ್ಟು. ಮಗನ ಅಂಗಿ, ಧೋತರ, ಕಡೆಗೆ ಬಾಚಣಿಗೆಯನ್ನೂ ಬಿಡದೆ ಮನೆಯಿಂದ ಹೊರಹಾಕಿದ್ದಳು.

ರಾವಸಾಬ ಕುರಿ ವ್ಯಾಪಾರಿ. ಆಳಿಗಿಂತ ಮೊದಲು ಅವನ ದನಿ ಮನೆ ಸೇರುತ್ತಿತ್ತು. ಸಂತೆಯ ಈ ತುದಿಯಲ್ಲಿ ಕೂಗಿದರೆ ಆ ತುದಿಯ ಕುರಿಗಳು ಕಿವಿ ನಿಮಿರಿಸುತ್ತಿದ್ದವು. ಅಂಥ ಗಂಟಲನ್ನೇ ತಂಬಾಕು ತಿಂದಿತು. ಕೊಯ್ದು ತೆಗೆಯಬೇಕು, ಮಾತು ಹೋಗುತ್ತದೆ, ಎಂದರು ಡಾಕ್ಟರು. ದವಾಖಾನೆಗೆ ಸೇರುವ ಮುನ್ನಾದಿನ ಅವನು ಹೊರಸಿನ ಮೇಲೆ ಕೂತು ಫೋನಿಗೆ ಎರಡು ಮಾತು ತುಂಬಿ, ದಿನಾ ಅಲಾರಮ್ಮಿನ ಹಾಗೆ ಕೂಗುವಂತೆ ಇಟ್ಟ. ದೀಪದ ಹೊತ್ತಿಗೆ ತಾಯಿಯ ಸಕ್ಕರೆ ಕಾಯಿಲೆಯ ಗುಳಿಗೆಗೆ ಒಂದು, ರಾತ್ರಿ ಒಂಬತ್ತಕ್ಕೆ ಕಂಪ್ಯೂಟರಿನ ಮುಂದೆ ಊಟ ಮರೆಯುವ ಹೆಂಡತಿಗೆ ಇನ್ನೊಂದು. ಆಮೇಲೆ ಬದುಕಿದಷ್ಟು ತಿಂಗಳು ಅವನು ಬಾಯಿಲ್ಲದೆ ಮಲಗಿರುತ್ತಿದ್ದ, ದಿಂಬಿನ ಕೆಳಗಿಂದ ಅವನ ದನಿ ಮನೆಯವರನ್ನು ಕರೆಯುತ್ತಿತ್ತು. ಕೊನೆಗೆ ಅವನೂ ಹೋದ, ದನಿಯೂ ಮಣ್ಣಿಗೆ ಹೋಯಿತು.

ಈಗ ಆ ಹೆಸರು ಮನೆಗೆ ಬಂದು ಹೋಗುತ್ತಿತ್ತು. ಮರುದಿನವೂ ಅಂಜನಾಬಾಯಿ ಕಾದಳು. ದೀಪದ ಹೊತ್ತಿಗೆ ಹೆಸರು ಮೂಡಿತು, ನೆಟ್ ನಿಂತಿತು. ತುಸು ಹೊತ್ತಿಗೆ ಹೆಸರು ಅಳಿಯಿತು, ನೆಟ್ ಬಂತು. ಅತ್ತೆಗೆ ಹೇಳಿದರೆ ಮುದುಕಿ ಎದೆಯೊಡೆದುಕೊಂಡಾಳು ಎಂದು ಬಾಯಿ ಹೊಲಿದುಕೊಂಡಳು. ಮಣ್ಣೊಳಗಿಂದ ಏನು ಹೇಳಬೇಕೆಂದು ಬರುತ್ತಾನೆ, ಯಾವುದಕ್ಕೆ ಅತೃಪ್ತನಾಗಿದ್ದಾನೆ ಎಂದು ಹೆದರುತ್ತಿದ್ದಳು. ಆದರೂ ಬ್ಲಾಕ್ ಒತ್ತಲಿಲ್ಲ. ನಿಜ ಹೇಳಬೇಕೆಂದರೆ ಭಯದ ಜೊತೆಗೇ ಆಸೆಯೂ ಬೆಳೆಯಿತು. ಸಂಜೆಯಾದರೆ ಮುಖ ತೊಳೆದು, ತಲೆ ಬಾಚಿ, ಹೆಡ್‌ಫೋನ್ ಸಿಕ್ಕಿಸಿಕೊಂಡೇ ಆ ಪುಟದ ಮುಂದೆ ಕೂರತೊಡಗಿದಳು. ಮೇಡಂಗೆ ಕರೆಂಟ್ ಹೋಗಿತ್ತು ಎಂದು ಸುಳ್ಳು ಹೇಳಿದಳು.

ಸುಳ್ಳಿಗೂ ಒಂದು ಮಿತಿ ಇದೆ. ಒಂದು ಮಧ್ಯಾಹ್ನ ಮೇಡಂ ಫೋನು ಮಾಡಿ ಹೇಳಿಯೇಬಿಟ್ಟಳು, ಇವತ್ತಿನ ಕಾಗದಗಳು ಸಂಜೆಯೊಳಗೆ ಮುಟ್ಟದಿದ್ದರೆ ನಾಳೆಯಿಂದ ಬೇಡ. ಅಂಜನಾಬಾಯಿ ಹೆಡ್‌ಫೋನ್ ಬಿಗಿದುಕೊಂಡು ಕೂತಳು. ಹೊತ್ತು ಇಳಿಯಿತು, ಹೆಸರು ಮೂಡಿತು, ಡಾಕ್ಟರರ ದನಿ ತುಂಡಾಯಿತು. ಆಕೆಯ ಕೈ ಬ್ಲಾಕ್‌ನ ಮೇಲೆ ಹೋಗಿ ನಿಂತಿತು. ಗಂಡನ ಮುಖಕ್ಕೆ ಬಾಗಿಲು ಹಾಕಬೇಕು, ಇಲ್ಲವೆ ಅತ್ತೆ ಸೊಸೆ ಇಬ್ಬರೂ ಉಪವಾಸ ಬೀಳಬೇಕು. ಕಣ್ಣು ಮಂಜಾಗಿ, ಒರೆಸಿಕೊಳ್ಳಲೆಂದು ಹೆಡ್‌ಫೋನ್ ತೆಗೆದಳು. ದೀಪದ ಹೊತ್ತಿನಲ್ಲಿ ಆಕೆಯ ಕಿವಿ ಬರಿದಾದದ್ದು ಎಷ್ಟೋ ತಿಂಗಳಲ್ಲಿ ಅದೇ ಮೊದಲು.

ಒಳಗಿನಿಂದ ರಾವಸಾಬ ಕೇಳಿದ, "ಅವ್ವಾ, ಗುಳಿಗಿ ತಗೊಂಡ್ಯೇನು?"

"ತಗೊಂಡೆ ನನ್ನಪ್ಪಾ," ಎಂದಳು ಮುತ್ತವ್ವ.

ಅಂಜನಾಬಾಯಿ ಎದ್ದು ಒಳಗೆ ಹೋದಳು. ದೀಪದ ಪಕ್ಕದಲ್ಲಿ ಫೋನಿತ್ತು, ಚಾರ್ಜರಿನ ವೈರು ಗೋಡೆಯಿಂದ ಇಳಿದಿತ್ತು. ಮುದುಕಿಯ ಕೈಯಲ್ಲಿ ನೀರಿನ ತಂಬಿಗೆ.

"ಮಣ್ಣಾಗ ಇಟ್ಟಿದ್ರಲ್ಲಾ ಅತ್ತಿ."

"ಖಾಲಿ ಕವರ್ ಇಟ್ಟೆ." ಮುತ್ತವ್ವ ತಲೆ ಎತ್ತಲಿಲ್ಲ. "ಒಮ್ಮೆ ಡಾಕ್ಟರ್ ಕೊಯ್ದ್ರು ಆ ದನಿ. ಮತ್ತೊಮ್ಮೆ ನಾ ಹ್ಯಾಂಗ ಹುಗೀಲಿ?"

"ನನಗ ಒಂದು ಬಾಚಣಿಗಿನೂ ಬಿಡಲಿಲ್ಲ ನೀವು."

ಮುದುಕಿ ತಂಬಿಗೆ ಕೆಳಗಿಟ್ಟಳು. ಆಮೇಲೆ ಫೋನನ್ನು ಸೊಸೆಯ ಕಡೆ ಸರಿಸಿದಳು. "ಒಂಬತ್ತಕ್ಕ ನಿಂದೂ ಐತಿ. ನೀ ಕೇಳಿದ್ರ ಫೋನ್ ಕಸಗೋತಿ ಅಂತ ನಾ ಅದಕ್ಕಿಂತ ಮೊದ್ಲ ಬಂದ್ ಮಾಡ್ತಿದ್ನಿ."

ಚಾರ್ಜಿಗೆ ಹಾಕಿ ಚಾಲೂ ಮಾಡಿದ ಕೂಡಲೇ ಆ ಫೋನು ತನ್ನಲ್ಲಿದ್ದ ಕುರಿಗಳ ಫೋಟೋ, ವಿಡಿಯೋಗಳನ್ನೆಲ್ಲ ನೆಟ್ಟಿನ ಮೇಲೆ ಏರಿಸಲು ಹೊರಡುತ್ತಿತ್ತು. ಅದು ಮುಗಿಯುವ ಮೊದಲೇ ಮುದುಕಿ ಬಂದ್ ಮಾಡುತ್ತಿದ್ದಳು, ಮರುದಿನ ಮತ್ತೆ ಮೊದಲಿನಿಂದ. ಮಂದೆ ಕಿರುದಾರಿಗೆ ನುಗ್ಗಿದರೆ ಬೇರೆಯವರಿಗೆ ಜಾಗವೆಲ್ಲಿ? ಅಂಜನಾಬಾಯಿ ಫೋನಿನ ನೆಟ್ ಒಂದನ್ನು ಮಾತ್ರ ಬಂದ್ ಮಾಡಿದಳು. ಹೊರಗೆ ಬಂದು ನೋಡಿದರೆ ಹೆಸರು ಇರಲಿಲ್ಲ. ಅಳಿಸಿದ್ದು ತನ್ನದೇ ಕೈ. ಕಾಗದಗಳೆಲ್ಲ ಹೊತ್ತಿಗೆ ಮುಟ್ಟಿದವು, ಮೇಡಂ ನಾಳೆಯ ಕೆಲಸವನ್ನೂ ಕಳಿಸಿದಳು.

ಒಂಬತ್ತಕ್ಕೆ ಇಬ್ಬರೂ ತಾಟು ಮುಂದಿಟ್ಟುಕೊಂಡು ಕೂತಿದ್ದರು, ನಡುವೆ ಫೋನು.

"ಅಂಜನಾ, ಸಾಕ್ ಮಾಡ. ಏಳ, ಉಣ್ಣಾಕ ನಡಿ."

ಆಕೆ ಅಲುಗಲಿಲ್ಲ. ದನಿ ಮತ್ತೆ ಅದನ್ನೇ ಹೇಳಿತು.

"ಗುಂಡಿ ಒತ್ತ," ಎಂದಳು ಮುತ್ತವ್ವ. "ಒತ್ತಲಿಲ್ಲಂದ್ರ ಕೂಗಕೋತನ ಇರತಾನ."

ಅಂಜನಾಬಾಯಿ ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು. ತಾಟಿನಲ್ಲಿ ರೊಟ್ಟಿ ಆರುತ್ತಿತ್ತು. ಅವನು ಕರೆಯುತ್ತಲೇ ಇದ್ದ.