ಹಾರ್ನಿನಿಂದ ಶುರುವಾದ ಕಾರು

ನಮ್ಮ ಭಾವ, ಅಂದರೆ ನನ್ನ ಅಕ್ಕನ ಗಂಡ, ಹಳೇ ಕಾರುಗಳ ವಿಷಯದಲ್ಲಿ ದೊಡ್ಡ ಪಂಡಿತರು. ವರ್ಷಗಟ್ಟಲೆ ನಿಂತುಹೋದ ಕಾರನ್ನು ಮತ್ತೆ ಓಡಿಸಬೇಕಾದರೆ ಮೊದಲು ಎಲ್ಲಿಗೆ ಕೈ ಹಾಕಬೇಕು ಎಂಬುದನ್ನು ಅವರನ್ನೇ ಕೇಳಬೇಕು. ಕೇಳದಿದ್ದರೂ ಹೇಳುತ್ತಾರೆ. ಹಲ್ಲು ಕೀಳಿಸಿಕೊಳ್ಳಲು ಹೋಗಿದ್ದಾಗ, ಬಾಯಲ್ಲಿ ಹತ್ತಿ ಇಟ್ಟುಕೊಂಡೇ ದಂತವೈದ್ಯರಿಗೆ ಕೈಸನ್ನೆಯಲ್ಲಿ ಕಾರ್ಬುರೇಟರ್ ಬಿಚ್ಚಿ ತೋರಿಸಿದವರು ಅವರು. ಅವರ ಸ್ವಂತ ಕಾರು ಮಾತ್ರ ಇಪ್ಪತ್ತು ವರ್ಷದ ಹತ್ತಿರ ಶೆಡ್ಡಿನಿಂದ ಒಂದು ಗೇಣೂ ಆಚೆ ಬಂದಿರಲಿಲ್ಲ.

ಭಾವ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವ ಕೆಲಸದಲ್ಲಿದ್ದು ನಿವೃತ್ತರಾದವರು. ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವುದಕ್ಕೇ ಸಂಬಳ ಕೊಟ್ಟರೆ ಮನುಷ್ಯ ಹೇಗೆ ತಯಾರಾಗುತ್ತಾನೆ ಎಂಬುದಕ್ಕೆ ಅವರನ್ನು ನೋಡಿದರೆ ಸಾಕು. ಔಷಧಿ ಡಬ್ಬಿಯ ಮೇಲಿನ ಸೂಚನೆಯನ್ನೂ ಕೆಂಪು ಪೆನ್ನಿನಲ್ಲಿ ತಿದ್ದಿ, ಆಮೇಲೆ ಮಾತ್ರೆ ನುಂಗುತ್ತಿದ್ದರು. ತಾವಾಗಿ ಒಂದು ಸಾಲು ಬರೆದದ್ದನ್ನು ನಾನಂತೂ ಕಂಡಿಲ್ಲ.

ಕಾರು ಅವರಿಗೆ ಸೋದರಮಾವನಿಂದ ಬಂದದ್ದು. ಗುಂಡು ದೀಪಗಳ, ದಪ್ಪ ಬಂಪರಿನ, ಹಸಿರು ಬಣ್ಣದ ಕಾರು. ಮಾವ ಕಣ್ಮುಚ್ಚಿದ ಮೇಲೆ ಒಂದೆರಡು ವರ್ಷ ಭಾವ ಅದನ್ನು ಓಡಿಸಿದರು. ಆಮೇಲೆ ಒಂದು ದಿನ ಎಲ್ಲೋ ಏನೋ ಕಟಕಟ ಅಂದಿತೆಂದು, ಒಂದು ವಾರದ ಮಟ್ಟಿಗೆ ಎಂದು ಹೇಳಿ, ಮೂತಿ ಹಿಂದಿನ ಗೋಡೆಗೆ ಮಾಡಿ ಶೆಡ್ಡಿನಲ್ಲಿ ನಿಲ್ಲಿಸಿದರು. ಆ ವಾರ ಮುಗಿಯಲಿಲ್ಲ. ಅಕ್ಕ ಅದನ್ನು ಕಾರು ಅನ್ನುವುದನ್ನೇ ಬಿಟ್ಟು, ಯಾರೋ ಕಾಯಿಲೆಯ ಹಿರಿಯರ ಬಗ್ಗೆ ಹೇಳುವ ಹಾಗೆ "ಮಲಗಿರೋರು" ಅನ್ನುತ್ತಿದ್ದಳು. ಮಲಗಿರೋರ ಮೇಲೆ ಹೊದಿಕೆ ಹಾಕಿದ್ದೀರಾ, ಮಲಗಿರೋರ ಹೊಟ್ಟೆಯಲ್ಲಿ ಇಲಿ ಸೇರಿಕೊಂಡಿದೆ, ಹೀಗೆ.

ಭಾವನ ಉಪದೇಶವನ್ನು ನಾನು ಎಷ್ಟು ಸಲ ಕೇಳಿದ್ದೇನೆಂದರೆ ನಿದ್ದೆಯಲ್ಲಿ ಎಬ್ಬಿಸಿದರೂ ಒಪ್ಪಿಸುತ್ತೇನೆ. ಮೊದಲು ಬೀಗದ ಕೈ ಜೇಬಿನಲ್ಲಿಟ್ಟುಕೊಂಡು ಸುಮ್ಮನೆ ಒಂದು ಸುತ್ತು ಹಾಕಬೇಕು. ಇಲಿ ಗೂಡು ತೆಗೆಯಬೇಕು, ಕಡಿದ ವೈರು ನೋಡಬೇಕು. ಹಳಸಿದ ಪೆಟ್ರೋಲು, ಹಳೇ ಆಯಿಲ್ಲು ಚೆಲ್ಲಬೇಕು. ಸಿಲಿಂಡರುಗಳಿಗೆ ನಾಲ್ಕು ಹನಿ ಎಣ್ಣೆ ಬಿಟ್ಟು, ಇಂಜಿನ್ನನ್ನು ಕೈಯಿಂದ ತಿರುಗಿಸಿ ನೋಡಬೇಕು. ಹ್ಯಾಂಡ್‌ಬ್ರೇಕು ಎಳೆದಿಟ್ಟರೆ ಕಚ್ಚಿಕೊಳ್ಳುತ್ತದೆ, ಆದ್ದರಿಂದ ಗೇರಿಗೆ ಹಾಕಿ ಚಕ್ರದ ಮುಂದೆ ಇಟ್ಟಿಗೆ ಕೊಡಬೇಕು. ಇಷ್ಟಾದ ಮೇಲೆ ಭಾವ ತೋರುಬೆರಳೆತ್ತಿ, ಬ್ರೇಕು ಸರಿಮಾಡದೆ ಇಂಜಿನ್ ಸ್ಟಾರ್ಟ್ ಮಾಡುವವನು ಮೂರ್ಖ ಎಂದು ಮುಗಿಸುತ್ತಿದ್ದರು. ಒಂದಕ್ಷರ ತಪ್ಪಿಲ್ಲದ ಮಾತು. ಹಳೇ ಕಾರಿನವರ ಸಂಘ ಎಂದೊಂದಿದೆ, ಅದರ ಜನ ಅವರಿಗೆ ಫೋನ್ ಮಾಡಿ ಕೇಳಿಕೊಂಡು, ಹಾಗೇ ಮಾಡಿ, ಕಾರುಗಳನ್ನು ಓಡಿಸಿಕೊಂಡೂ ಹೋದರು.

ತಮ್ಮ ಕಾರಿಗೆ ಭಾವ ಮೊದಲು ಹಾಕಿಸಿದ್ದು ಹಾರ್ನು. ಹಾರ್ನು ಬಾರಿಸಿದರೆ ನಾಲ್ಕು ಮನೆಗೆ ಗೊತ್ತಾಗುತ್ತದೆ, ಬ್ರೇಕು ಸರಿಮಾಡಿದರೆ ಯಾರಿಗೆ ಗೊತ್ತಾಗುತ್ತದೆ. ಆಮೇಲೆ ಬಂಪರಿಗೆ ಹೊಳಪು ಕೊಟ್ಟರು. ಆಮೇಲೆ ಸೀಟಿಗೆ ಹೊಸ ಬಟ್ಟೆ, ಅದನ್ನೂ ಅಕ್ಕನೇ ಹೊಲಿದುಕೊಟ್ಟಳು. ಭಾನುವಾರ ಬೆಳಿಗ್ಗೆ ಭಾವ ಒಳಗೆ ಹೋಗಿ ಸ್ಟೀರಿಂಗ್ ಹಿಡಿದು ಕೂತು, ಒಂದು ಸಲ ಹಾರ್ನು ಹೊಡೆದು, ಇಳಿದು, ಕೈ ತೊಳೆದುಕೊಂಡು ತಿಂಡಿಗೆ ಬರುತ್ತಿದ್ದರು. ಕಾರಿನ ಕೆಲಸ ಎಲ್ಲಿಗೆ ಬಂತು ಎಂದು ಕೇಳಿದರೆ, ಶುರು ಮಾಡಿದ್ದೇನೆ ಅನ್ನುತ್ತಿದ್ದರು.

ಇದರಿಂದ ಯಾರಿಗೂ ತೊಂದರೆ ಇಲ್ಲದಿದ್ದರೆ ನಾನೂ ನಕ್ಕು ಸುಮ್ಮನಿರುತ್ತಿದ್ದೆ. ತೊಂದರೆ ಇದ್ದದ್ದು ಅಕ್ಕನಿಗೆ. ಅಕ್ಕ ಬಟ್ಟೆ ಹೊಲಿಯುತ್ತಾಳೆ. ಅವಳ ಕೈಯಲ್ಲಿ ಆದ ಕೋಟು ಹಾಕಿಕೊಂಡರೆ ಗೂನು ಬೆನ್ನಿನವನೂ ನೆಟ್ಟಗೆ ಕಾಣುತ್ತಾನೆ. ಅವಳು ಹೊಲಿಯುತ್ತಿದ್ದದ್ದು ಮಲಗುವ ಕೋಣೆಯ ಮೂಲೆಯಲ್ಲಿ. ಅಳತೆ ಕೊಡಲು ಬಂದ ಹೆಂಗಸರು ಅಡುಗೆಮನೆ ದಾಟಿ, ಒಲೆಯ ಮೇಲೆ ಏನು ಕುದಿಯುತ್ತಿದೆ ಎಂದು ನೋಡಿಕೊಂಡು, ಮಂಚದ ಪಕ್ಕ ಪರದೆಯ ಹಿಂದೆ ನಿಲ್ಲಬೇಕಿತ್ತು. ಎರಡನೇ ಹೊಲಿಗೆ ಯಂತ್ರ ಕೊಂಡು ತಂದು, ಇಡಲು ಜಾಗವಿಲ್ಲದೆ, ಹಜಾರದಲ್ಲಿ ಚಾದರ ಸುತ್ತಿಟ್ಟಿದ್ದಳು. ಅದರ ಮೇಲೆ ಭಾವ ಪೇಪರು ಇಡುತ್ತಿದ್ದರು. ಅದನ್ನು ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ಅವರದು ಮೂಲೆ ಮನೆ. ಶೆಡ್ಡಿನ ಬಾಗಿಲು ಅಂಗಳಕ್ಕೆ, ಹಿಂದಿನ ಗೋಡೆ ಪೇಟೆ ಬೀದಿಗೆ. ಆ ಗೋಡೆಯಲ್ಲಿ ಒಂದು ಬಾಗಿಲು ಒಡೆಸಿದರೆ ಶೆಡ್ಡು ಅಂಗಡಿಯಾಗುತ್ತದೆ ಎಂಬುದು ಅಕ್ಕನ ಬಹಳ ದಿನದ ಆಸೆ. ಗಾರೆ ಕೆಲಸದವನನ್ನು ಕರೆಸಿ ತೋರಿಸಿಯೂ ಇದ್ದಳು. ಒಂಟಿ ಇಟ್ಟಿಗೆಯ ಗೋಡೆ, ಸುಲಭ ಎಂದು ಅವನು ಹೇಳಿದ್ದ. ಭಾವ ಮಾತ್ರ ಒಪ್ಪಲಿಲ್ಲ.

"ಗೋಡೆ ಒಡೆದ್ರೆ ಬೀದಿ ಧೂಳೆಲ್ಲ ಒಳಗೆ ಬರುತ್ತೆ. ಕಾರಿಗೆ ಆಗಿಬರಲ್ಲ," ಅಂದರು.

"ನಂಗೆ ಆಗಿಬರೋದು ಯಾವುದು ಅಂತ ಯಾವತ್ತಾದ್ರೂ ಕೇಳಿದ್ದೀರಾ?" ಅಂದಳು ಅಕ್ಕ. ಭಾವನಿಗೆ ಆಗ ಬೀದಿಯಲ್ಲಿ ಯಾರೋ ಕರೆದಂತಾಯಿತು. ಎದ್ದು ಹೋದರು.

ಕೊನೆಗೆ ಈ ಬೇಸಿಗೆಯಲ್ಲಿ ಒಂದು ಶಾಲೆಯವರು ಅಷ್ಟೂ ಮಕ್ಕಳ ಸಮವಸ್ತ್ರವನ್ನು ಅಕ್ಕನಿಗೇ ಒಪ್ಪಿಸಿದರು. ಮಂಚದ ಪಕ್ಕದಲ್ಲಿ ಆಗುವ ಕೆಲಸವಲ್ಲ ಅದು. ಜಾಗವಿಲ್ಲವೆಂದು ಬೇಡ ಅಂದರೆ ಇಂಥದು ಇನ್ನೊಮ್ಮೆ ಬರುವುದಿಲ್ಲ. ಅಕ್ಕ ಊಟದ ಹೊತ್ತಿಗೆ, ಬಡಿಸುತ್ತಲೇ, ದನಿ ಏರಿಸದೆ ಹೇಳಿದಳು. "ನೋಡಿ, ಈ ತಿಂಗಳು ಮುಗಿಯೋದ್ರೊಳಗೆ ಮಲಗಿರೋರು ಎದ್ದು ಆಚೆ ಬರ್ಬೇಕು. ಇಲ್ಲಾಂದ್ರೆ ಗುಜರಿಯವನು ಬಂದು ಎತ್ಕೊಂಡು ಹೋಗ್ತಾನೆ. ಅವನಿಗೆ ಹೇಳಿದ್ದಾಗಿದೆ."

ಭಾವ ಅನ್ನ ಕಲಸುವುದನ್ನು ನಿಲ್ಲಿಸಿದರು. ಮಾರನೆಯ ದಿನದಿಂದ ನಿಜಕ್ಕೂ ಕೆಲಸಕ್ಕಿಳಿದರು. ನನ್ನನ್ನೂ ಟಾರ್ಚು ಹಿಡಿಯಲು ಕರೆಸಿಕೊಂಡರು. ಸುಳ್ಳೇಕೆ ಹೇಳಲಿ, ಆ ಕೆಲವು ದಿನ ಭಾವ ಚೆನ್ನಾಗಿಯೇ ಕೆಲಸ ಮಾಡಿದರು. ಇಲಿಗೂಡು ತೆಗೆದರು, ಅದರಲ್ಲಿ ಅಕ್ಕನ ಅಳತೆಪಟ್ಟಿಯೊಂದು ಸಿಕ್ಕಿತು. ಟ್ಯಾಂಕು ತೊಳೆದು ಹೊಸ ಪೆಟ್ರೋಲು ಹಾಕಿದರು. ಎಣ್ಣೆ ಬಿಟ್ಟು ಕಾದು, ಹ್ಯಾಂಡಲ್ ಹಾಕಿ ತಿರುಗಿಸಿದಾಗ ಇಂಜಿನ್ ನಿಧಾನವಾಗಿ ತಿರುಗಿತು. ಭಾವನ ಕಣ್ಣಲ್ಲಿ ನೀರು ಬಂತು. ಕೆಲಸ ಮುಗಿದ ಮೇಲೆ, ತಮ್ಮದೇ ನಿಯಮದಂತೆ, ಪ್ರತಿ ಸಲವೂ ಕಾರನ್ನು ಗೇರಿಗೆ ಹಾಕಿ ಬಾಗಿಲು ಎಳೆಯುತ್ತಿದ್ದರು.

ಉಳಿದದ್ದು ಬ್ರೇಕು. ಅಷ್ಟರಲ್ಲಿ ಭಾವ ಒಂದು ಕೆಲಸ ಮಾಡಿದರು. ಸಂಘದವರಿಗೆಲ್ಲ ಫೋನ್ ಮಾಡಿ, ಭಾನುವಾರ ಬನ್ನಿ, ಇಂಜಿನ್ ಶಬ್ದ ಕೇಳಿಸುತ್ತೇನೆ ಅಂದರು.

ಭಾನುವಾರ ಸಂಘದವರು ಬಂದರು. ಎಲ್ಲರೂ ಬಣ್ಣದ ಟೋಪಿ ಹಾಕಿಕೊಂಡು ಅಂಗಳದಲ್ಲಿ, ಕಾರಿನ ಹಿಂಭಾಗಕ್ಕೆ ಮುಖಮಾಡಿ, ಫೋನು ಎತ್ತಿ ಹಿಡಿದು ನಿಂತರು. ಚಕ್ರದ ಮುಂದಿನ ಇಟ್ಟಿಗೆಗಳು ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲವೆಂದು ಭಾವ ಅವನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿದರು. ನಾನು ಹತ್ತಿರ ಹೋಗಿ ಬ್ರೇಕು ನೋಡಿದಿರಾ ಎಂದು ಕಿವಿಯಲ್ಲಿ ಕೇಳಿದೆ.

"ಇವತ್ತು ಬರೀ ಶಬ್ದ ಕಣೋ, ಓಡಿಸ್ತಿಲ್ವಲ್ಲ," ಅಂದರು ಭಾವ. "ನಿಂತಿರೋ ಕಾರಿಗೆ ಬ್ರೇಕ್ ಯಾಕೆ?"

ಹೋಗಿ ಸ್ಟೀರಿಂಗ್ ಮುಂದೆ ಕೂತರು. ಸಂಘದ ಅಧ್ಯಕ್ಷರು ಗೇರು ತೆಗೆದಿದ್ದೀರಾ ಎಂದು ಹಿಂದಿನಿಂದ ಕೂಗಿ ಕೇಳಿದರು. ಭಾವ ನಕ್ಕು, ಕ್ಲಚ್ಚು ಒತ್ತಿ ಹಿಡಿದಿದ್ದೇನೆ, ಗೇರಿದ್ದರೇನು ಬಿಟ್ಟರೇನು ಅಂದರು. ಅಷ್ಟು ವರ್ಷ ನಿಂತ ಕಾರಿನಲ್ಲಿ ಕ್ಲಚ್ಚಿನ ಪ್ಲೇಟು ತುಕ್ಕು ಹಿಡಿದು ಅಂಟಿಕೊಂಡುಬಿಡುತ್ತದೆ, ಎಷ್ಟು ಒತ್ತಿದರೂ ಬಿಡುವುದಿಲ್ಲ, ಎಂದು ಭಾವನೇ ಊರಿಗೆಲ್ಲ ಹೇಳಿದವರು. ಕೀ ತಿರುಗಿಸಿದರು.

ಇಂಜಿನ್ ಹತ್ತಿಕೊಂಡಿತು. ಎಂಥ ಶಬ್ದವೆಂದರೆ ಸಂಘದವರು ಚಪ್ಪಾಳೆ ಹೊಡೆದರು. ಚಪ್ಪಾಳೆ ಮುಗಿಯುವುದರೊಳಗೆ ಕಾರು ಹೊರಟಿತು. ಭಾವ ಬ್ರೇಕು ತುಳಿದರು, ಅದು ನೆಲ ಮುಟ್ಟಿತು. ಕೀ ಎಲ್ಲಿದೆ ಎಂಬುದು ಆ ಗಾಬರಿಯಲ್ಲಿ ಮರೆತುಹೋಯಿತು. ಕೈಗೆ ಸಿಕ್ಕಿದ್ದು, ಇಪ್ಪತ್ತು ವರ್ಷದಿಂದ ಅಭ್ಯಾಸವಾಗಿದ್ದದ್ದು, ಒಂದೇ. ಹಾಗಾಗಿ ನಮ್ಮ ಭಾವ ಜೋರಾಗಿ ಹಾರ್ನು ಹೊಡೆಯುತ್ತಾ ಗೋಡೆಗೆ ನುಗ್ಗಿದರು. ಗೋಡೆ ದಾರಿ ಬಿಟ್ಟಿತು. ಪುಣ್ಯಕ್ಕೆ ಆಗ ಗೋಡೆಯ ಆಚೆ ಯಾರೂ ಇರಲಿಲ್ಲ, ಹಾರ್ನು ಕೇಳಿ ಬಸ್ಸಿಗೆ ಕಾಯುತ್ತಿದ್ದವರು ಅತ್ತ ಸರಿದಿದ್ದರು. ಆ ಮಟ್ಟಿಗೆ ಮೊದಲು ಹಾರ್ನು ಹಾಕಿಸಿದ್ದು ಒಳ್ಳೆಯದೇ ಆಯಿತು ಎಂದು ಒಪ್ಪಿಕೊಳ್ಳಬೇಕು. ಕಾರು ಅರ್ಧ ಒಳಗೆ, ಅರ್ಧ ಬೀದಿಯಲ್ಲಿ, ಗಕ್ಕನೆ ನಿಂತಿತು.

ಅಕ್ಕ ಒಳಗಿನಿಂದ ಓಡಿಬಂದಳು. ಕೊರಳಲ್ಲಿ ಅಳತೆಪಟ್ಟಿ ಹಾಗೇ ಇತ್ತು. ಧೂಳಿನಲ್ಲಿ ಕೆಮ್ಮುತ್ತಾ ಹೋಗಿ ಭಾವನ ಕೈ ಕಾಲು ತಲೆ ಮುಟ್ಟಿ ನೋಡಿದಳು. "ಎಲ್ಲಾದ್ರೂ ಏಟಾಯ್ತಾ? ಮಾತಾಡ್ರೀ," ಅಂದಳು. ಏಟು ಆಗಿರಲಿಲ್ಲ. ಭಾವ ಹಾರ್ನಿನಿಂದ ಕೈ ಮಾತ್ರ ತೆಗೆದಿರಲಿಲ್ಲ. ಅಕ್ಕನೇ ಒಂದೊಂದಾಗಿ ಬೆರಳು ಬಿಡಿಸಿ, ಇಳಿಸಿ, ನೀರು ಕುಡಿಸಿದಳು. ಆಮೇಲೆ ನಾವೆಲ್ಲ ಕಾರನ್ನು ಪೂರ್ತಿ ಬೀದಿಗೆ ತಳ್ಳಿ, ಸುತ್ತಿಸಿ ಅಂಗಳಕ್ಕೆ ತಂದೆವು.

ಬಂದು ನೋಡಿದರೆ ಅಕ್ಕ ಶೆಡ್ಡಿನಲ್ಲಿ ಒಬ್ಬಳೇ ನಿಂತಿದ್ದಳು. ಕೊರಳಿನ ಪಟ್ಟಿ ತೆಗೆದು ಗೋಡೆಯ ತೂತಿನ ಅಗಲ ಅಳೆಯುತ್ತಿದ್ದಳು. ನನ್ನನ್ನು ಕಂಡು, ಆ ತುದಿ ಹಿಡ್ಕೋ ಅಂದಳು. ಹಿಡಿದುಕೊಂಡೆ.

ಸಂಜೆಗೇ ಗಾರೆಯವನು ಬಂದ. ಎಡಬಲ ನೋಡಿ ತಲೆದೂಗಿದ. "ಅರ್ಧ ಕೆಲ್ಸ ಆಗ್ಬಿಟ್ಟಿದೆಯಲ್ಲಮ್ಮ. ಯಾರು ಒಡೆದಿದ್ದು?"

"ನಮ್ಮನೆಯವ್ರು."

"ಸ್ವಲ್ಪ ಓರೆ ಆಗಿದೆ."

"ಮೊದಲನೇ ಸಲ ಅಲ್ವಾ," ಅಂದಳು ಅಕ್ಕ.

ರಾತ್ರಿ ಊಟಕ್ಕೆ ಕೂತಾಗ ಭಾವ, ಬಾಗಿಲು ಚಿಕ್ಕದಾಗಿಟ್ಟರೆ ಕಾರಿಗೂ ಒಂದು ಪಕ್ಕ ಜಾಗ ಮಾಡಬಹುದೇನೋ ಎಂದು ತಟ್ಟೆಗೆ ಹೇಳಿದರು. ಅಕ್ಕ ಪಲ್ಯ ಬಡಿಸಿದಳು. "ಆಚೆ ಬಂದಾಯ್ತು. ಇನ್ನು ಒಳಗೆ ಹೋಗೋ ಮಾತಿಲ್ಲ." ಗುಜರಿಯವನಿಗೆ ಬರಬೇಡವೆಂದು ಹೇಳಿದ್ದೇನೆ, ಅಷ್ಟು ಸಾಕು ಅಂದುಕೊಳ್ಳಿ, ಅಂತಲೂ ಸೇರಿಸಿದಳು. ಭಾವ ಅಷ್ಟು ಸಾಕು ಅಂದುಕೊಂಡರು.

ಶಾಲೆ ಶುರುವಾಗುವ ಹೊತ್ತಿಗೆ ಸಮವಸ್ತ್ರಗಳೆಲ್ಲ ಹೊಲಿದು ಮಡಚಿ ಹೋದವು. ಈಗ ಎರಡು ಯಂತ್ರಗಳೂ ಬೀದಿಯ ಬೆಳಕಿಗೆ ಮುಖಮಾಡಿ ಕೂತಿವೆ. ಅಂಗಡಿಗೆ ಬರುವ ಹೆಂಗಸರಿಗೆ ಒಲೆಯ ಮೇಲೇನಿದೆ ಎಂದು ತಿಳಿಯುವ ದಾರಿ ತಪ್ಪಿಹೋಗಿದೆ. ಕಾರು ಅಂಗಳದಲ್ಲಿ, ಅಕ್ಕ ಹೊಲಿದುಕೊಟ್ಟ ಹೊದಿಕೆಯ ಕೆಳಗಿದೆ. ಒಂದು ದೀಪ ಒಡೆದಿದೆ, ಬಂಪರು ಬಾಯಿ ಸೊಟ್ಟ ಮಾಡಿಕೊಂಡಿದೆ. ಸಂಘದವರ ಫೋನಿನಲ್ಲಿದ್ದ ವಿಡಿಯೋ ಎಲ್ಲೆಲ್ಲಿಗೋ ಹೋಗಿ, ಭಾವನಿಗೆ ಸಲಹೆ ಕೇಳುವ ಫೋನುಗಳು ನಿಂತುಹೋಗಿವೆ. ಮೊದಮೊದಲು ಅವರನ್ನು ನೋಡಿದರೆ ನನಗೂ ಅಯ್ಯೋ ಅನ್ನಿಸುತ್ತಿತ್ತು.

ಕಳೆದ ವಾರ ನಾನು ಹೋದಾಗ ಭಾವ ಅಂಗಳದಲ್ಲಿ ಜಾಕಿ ಕೊಟ್ಟು, ಚಕ್ರ ಬಿಚ್ಚಿ, ಬ್ರೇಕಿನ ಡ್ರಮ್ಮು ಕಳಚುತ್ತಾ ಕೂತಿದ್ದರು. ಮೊಣಕೈವರೆಗೂ ಕರಿ. ನೋಡುವವರು ಯಾರೂ ಇರಲಿಲ್ಲ. ಶೆಡ್ಡಿನ ಬಾಗಿಲು ತೆರೆದಿತ್ತು. ಒಬ್ಬ ಹೆಂಗಸು ಅಂಗಡಿಗೆ ಬಂದು, ತನ್ನ ತಂದೆಯ ಹಳೇ ಕೋಟೊಂದನ್ನು ಮೇಜಿನ ಮೇಲೆ ಹರಡಿ, ಪೆಟ್ಟಿಗೆಯಲ್ಲಿ ಎಷ್ಟೋ ವರ್ಷ ಇದ್ದು ನುಸಿ ತಿಂದಿದೆ, ಮಗನಿಗೆ ಆಗುವಂತೆ ಮಾಡಬೇಕು, ಇದನ್ನೆಲ್ಲ ಎಲ್ಲಿಂದ ಶುರು ಮಾಡುತ್ತೀರೋ ಎಂದು ಕೇಳುತ್ತಿದ್ದಳು. ಆ ಮಾತು ಕಿವಿಗೆ ಬಿದ್ದದ್ದೇ ಭಾವನ ತೋರುಬೆರಳು ಮೇಲೆದ್ದಿತು. ಬಾಯಿ ತೆರೆದರು. ಅಷ್ಟರಲ್ಲಿ ಒಳಗೆ ಕತ್ತರಿಯ ಸದ್ದು ಕೇಳಿಸಿತು, ಅಕ್ಕ ಮೊದಲ ಹೊಲಿಗೆ ಬಿಚ್ಚಿಯಾಗಿತ್ತು.

ಭಾವ ಬೆರಳು ಇಳಿಸಿ ಸ್ಪ್ಯಾನರ್ ಎತ್ತಿಕೊಂಡರು.